ಹಾವಿಗೆ ಹೊದಿಸುವ ಕೌದಿ

ಮತ್ತೆ ಅಲ್ಲೇ ಇಟ್ಟರು, ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ, ಬಾಯಿ ತೆರೆದ ಹಾಗೇ, ತುದಿಯಲ್ಲೊಂದು ಹಾಲಿನ ಹನಿ ಬೀಳಲೋ ಬೇಡವೋ ಎಂದು ನಿಂತಿದೆ — ಬಟ್ಟೆ ಕತ್ತರಿ ಅತ್ತೆ ಅದು, ಹಾಲಿನ ಪ್ಯಾಕೆಟ್ಟಿಗೆ ಚಾಕು ಇದೆಯಲ್ಲ ಅಂತ ಈ ಮನೆಗೆ ಬಂದಾಗಿನಿಂದ ಹೇಳುತ್ತಲೇ ಇದ್ದೇನೆ, ಕತ್ತರಿ ಕತ್ತರಿನೇ ಕಣಮ್ಮ, ಅದಕ್ಕೇನು ಜಾತಿ ಐತಾ ಅನ್ನುತ್ತಾರೆ ಅತ್ತೆ, ಈ ಮನೆಯಲ್ಲಿ ಜಾತಿ ಇಲ್ಲದ ವಸ್ತು ಅದೊಂದೇ ಇರಬೇಕು, ಇರಲಿ, ಕೊಟ್ಟಿಗೆಯಲ್ಲಿ ಹಸು ಕಟ್ಟಿಕೊಂಡು, ಕರೆದ ಹಾಲನ್ನೆಲ್ಲ ಡೈರಿಗೆ ಸುರಿದು, ಅದೇ ಹಾಲನ್ನು ಪ್ಯಾಕೆಟ್ಟಿನಲ್ಲಿ ಕೊಂಡು ತಂದು ಮೂತಿ ಕುಯ್ಯುವ ಜಾಣತನದ ಬಗ್ಗೆ ಈ ಹೊತ್ತು ನಾನು ಯೋಚಿಸಬಾರದು, ಯೋಚಿಸಬೇಕಾದ್ದು ಈ ಅಂಚು, ಇನ್ನೊಂದು ಸಾಲು ಹೊಲಿಗೆ, ಆಮೇಲೆ ಮೂಲೆ, ಆಮೇಲೆ ಗಂಟು, ಅಷ್ಟರಲ್ಲಿ ವ್ಯಾನು ಬಂದುಬಿಟ್ಟರೆ ಸೂಜಿ ಸಮೇತ ಎತ್ತಿಕೊಂಡು ಹೋಗುವುದು, ದಾರಿಯಲ್ಲಿ ಮುಗಿಸುವುದು. ನಡುಮನೆಯ ನೆಲದ ಮೇಲೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದೇನೆ, ತೊಡೆಯ ಮೇಲೆ ಪುಷ್ಪಲತಾಳ ಟೇಬಲ್ ರನ್ನರ್, ಊಟದ ಮೇಜಿನ ನಡುವೆ ಉದ್ದಕ್ಕೆ ಹಾಸುವ ಪಟ್ಟಿ, ತುದಿಗಳು ಆಚೆಗೊಂದು ಈಚೆಗೊಂದು ಇಳಿಬಿದ್ದಿರಬೇಕಂತೆ, ಫೋನಿನಲ್ಲಿ ಫೋಟೋ ಕಳಿಸಿದ್ದಳು, ಮೇಲೆ ಚೂರು ಬಟ್ಟೆಗಳ ಜೋಡಣೆ, ಒಳಗೆ ಒಗೆದೊಗೆದು ಮೆತ್ತಗಾದ ನನ್ನದೊಂದು ಹಳೇ ಸೀರೆ, ಅಡಿಗೆ ಗಟ್ಟಿ ಬಟ್ಟೆ, ಪದರ ಪದರ ಸೇರಿಸಿ ಕೈಹೊಲಿಗೆ, ಅಂದರೆ ಕೌದಿಯೇ, ಅಗಲ ಕಮ್ಮಿ ಅಷ್ಟೇ — ಪುಟ್ಟಗಂಗಮ್ಮನವರು, ನನ್ನ ಅತ್ತೆ, ಮೊದಲ ಸಲ ಇದನ್ನು ನೋಡಿದಾಗ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, ಗೇಣಗಲ ಮಾರುದ್ದ, ಯಾರಿಗೆ ಹೊದಿಸ್ತೀಯಮ್ಮ ಇದನ್ನ, ಹಾವಿಗಾ ಅಂದರು, ಟೇಬಲ್ಲಿಗೆ ಅತ್ತೆ ಅಂದೆ, ಯಾಕೆ, ಅದಕ್ಕೂ ಚಳಿನಾ ಅಂದರು, ಆಮೇಲೆ ಬಂದವರಿಗೆಲ್ಲ ನಮ್ ಗಂಗಲಕ್ಷ್ಮಿ ಹಾವಿಗೆ ಕೌದಿ ಹೊಲೀತಾವ್ಳೆ ಅಂತ ಹೇಳಿ ನಗಿಸಿದ್ದೇ ನಗಿಸಿದ್ದು, ಯಾರ ಮನೆಯ ಟೇಬಲ್ಲು ಅಂತ ಮಾತ್ರ ಕೇಳಲಿಲ್ಲ, ಕೇಳಬಾರದ್ದನ್ನು ಕೇಳದೆ ಇರುವುದರಲ್ಲಿ ಅತ್ತೆಯನ್ನು ಮೀರಿಸುವವರು ಈ ಸುತ್ತಿನಲ್ಲಿ ಹುಟ್ಟಿಲ್ಲ.

ಅವರಿಗೆ ಗೊತ್ತು, ಎಲ್ಲರಿಗೂ ಗೊತ್ತು, ಪುಷ್ಪ ನನಗೆ ಹುಳಿಯಾರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚು, ಆಮೇಲೆ ಒಂದೇ ಮನೆತನ, ನಾನು ಈ ಮನೆಗೆ ಸೊಸೆಯಾಗಿ ಬಂದೆ, ವರ್ಷ ಕಳೆದು ಅವಳು ಪಕ್ಕದ ಮನೆಗೆ ಬಂದಳು, ಅದು ನಮ್ಮ ಮಾವನವರ ಅಣ್ಣ ಹುಚ್ಚರಂಗಯ್ಯನವರ ಮನೆ, ಅವರ ಒಬ್ಬನೇ ಮಗ ಸೂರ್ಯಪ್ರಕಾಶನಿಗೆ ಹೆಂಡತಿಯಾಗಿ, ನಡುವೆ ಒಂದೇ ಗೋಡೆ, ಅವಳು ಆ ಕಡೆ ಒಗ್ಗರಣೆ ಹಾಕಿದರೆ ನಾನು ಈ ಕಡೆ ಸೀನುತ್ತಿದ್ದೆ, ಏನೇ ವಾರಗಿತ್ತಿ, ಮೆಣಸಿನಕಾಯಿ ಸಾಕಾ ಅಂತ ಗೋಡೆ ತಟ್ಟಿ ಕೇಳುತ್ತಿದ್ದಳು. ಸೂರ್ಯಪ್ರಕಾಶ ಕೊರೋನಾ ಮುಗಿದ ವರ್ಷ ತುರುವೇಕೆರೆಯಿಂದ ಬೈಕಿನಲ್ಲಿ ಬರುತ್ತ ದಾರಿಯಲ್ಲೇ ಹೋಗಿಬಿಟ್ಟ, ಅಲ್ಲಿಂದ ಗೋಡೆ ತಟ್ಟುವುದು ನಿಂತಿತು, ಒಗ್ಗರಣೆ ಮಾತ್ರ ನಿಲ್ಲಲಿಲ್ಲ, ಯಾರು ಸತ್ತರೂ ಸಾರು ಆಗಬೇಕಲ್ಲ — ಅದೇ ವರ್ಷ ಯಾರದೋ ಗೃಹಪ್ರವೇಶ, ಹೆಂಗಸರ ಸಾಲು, ಅರಿಶಿನ ಕುಂಕುಮದ ತಟ್ಟೆ ಬಂತು, ಎಲೆ, ಕೊಬ್ಬರಿ ಬಟ್ಟಲು, ಒಂದೊಂದು ರವಿಕೆ ಕಣ, ನನಗೆ ಕೊಟ್ಟರು, ನನ್ನ ಪಕ್ಕ ಕೂತವಳು ಪುಷ್ಪ, ಕೊಡುವಾಕೆ ಅವಳ ಮುಂದೆ ಸೀರೆ ನೆರಿಗೆ ಸ್ವಲ್ಪ ಎತ್ತಿಕೊಂಡು, ಹಳ್ಳ ದಾಟುವ ಹಾಗೆ, ಒಂದು ಹೆಜ್ಜೆ ದಾಟಿ ಆಚೆಯವಳಿಗೆ ಕೊಟ್ಟಳು, ಪಾಪ, ಅವಳಿಗೂ ಮುಜುಗರ, ಮುಖದ ಮೇಲೆ ನಗು ಇಟ್ಟುಕೊಂಡೇ ದಾಟಿದಳು, ಪುಷ್ಪ ನನ್ನ ಕಿವಿಯಲ್ಲಿ, ಪಾಲಿಸ್ಟರ್ ಬುಡೇ, ಬೆವರು ಹೀರಲ್ಲ ಅಂದಳು. ಆವತ್ತು ಮನೆಗೆ ಬರುವಾಗ ಬಾಗಿಲಲ್ಲಿ ಮಡಗಿದ್ದ ರಾಶಿಯಿಂದ ಇನ್ನೊಂದು ಎತ್ತಿಕೊಂಡೆ, ಅವಳ ಪಾಲಿನದು, ಆಮೇಲೆ ಅದೇ ಅಭ್ಯಾಸವಾಯಿತು, ಹೋದ ಕಡೆಯೆಲ್ಲ ಕೈಗೆ ಸಿಕ್ಕರೆ ಅಲ್ಲೇ, ಸಿಗದಿದ್ದರೆ ಅತ್ತೆಯ ಪೆಟ್ಟಿಗೆಯಿಂದ — ಬ್ಲೌಸ್ ಪೀಸನ್ನು ನಮ್ಮ ಕಡೆ ಯಾರೂ ಹೊಲಿಸುವುದಿಲ್ಲ, ಅದು ಸುತ್ತುತ್ತಿರಬೇಕಾದ ಪದಾರ್ಥ, ಇವರ ಮನೆಯಿಂದ ಅವರ ಮನೆಗೆ, ಗೌರಿಹಬ್ಬದಿಂದ ಸೀಮಂತಕ್ಕೆ, ಮಡಿಕೆಯ ಗೆರೆ ಬೆಳ್ಳಗಾಗುವ ತನಕ, ಕೊಟ್ಟವರ ಕೈಗೇ ಒಂದು ದಿನ ಹಿಂದಿರುಗಿ ಬಂದರೂ ಅವರು ಗುರುತು ಹಿಡಿಯದ ಹಾಗೆ ನಟಿಸಬೇಕು, ಅದು ಮರ್ಯಾದೆ, ಅದನ್ನು ಕತ್ತರಿಸುವುದು ಅಂದರೆ ಬಾವಿಯ ಹಗ್ಗ ಕತ್ತರಿಸಿದ ಹಾಗೆ, ನಾನು ಕತ್ತರಿಸಿದೆ, ಇಗೋ ತೊಡೆಯ ಮೇಲಿದೆ, ಗಿಣಿಹಸಿರು, ಅರಿಶಿನ, ಬದನೆಕಾಯಿ ಬಣ್ಣ, ಯಾರ ಮೈಗೂ ಹತ್ತದ ಒಂದು ಮಿಂಚುಗುಲಾಬಿ, ಅವಳನ್ನು ದಾಟಿಹೋದ ತಟ್ಟೆಗಳಷ್ಟೂ. ಅತ್ತೆ ಪೆಟ್ಟಿಗೆ ಮುಚ್ಚುತ್ತ ನನ್ನ ಮುಖವನ್ನೇ ನೋಡಿಕೊಂಡು ಹೇಳಿದ್ದರು, ಇಲಿ ಸೇರ್ಕಂಡೈತೆ ಕಣಮ್ಮ ಇದ್ರಾಗೆ, ಅದೇನು ಇಲಿಯೋ, ಬರೀ ಹೊಸ ಬಟ್ಟೆನೇ ತಿಂತೈತೆ.

ಟೇಬಲ್ಲು ಅವಳು ಮೊದಲು ಕೊಂಡ ವಸ್ತು, ತಿಂಗಳಿಂದ ಅವಳಿರುವುದು ಅಮ್ಮಸಂದ್ರದಲ್ಲಿ, ಕಲ್ಲೇಶನ ಮೋಟಾರ್ ವೈಂಡಿಂಗ್ ಅಂಗಡಿಯ ಮೇಲೊಂದು ಬಾಡಿಗೆ ಮನೆ, ಮಂಚ ಇಲ್ಲ, ಬೀರು ಇಲ್ಲ, ಎಲ್ಲರೂ ಮಂಚದಿಂದ ಶುರು ಮಾಡ್ತಾರೆ ಕಣೇ, ನೀನೇನು ಟೇಬಲ್ಲಿಂದ ಅಂತ ಕೇಳಿದ್ದಕ್ಕೆ, ಎದುರುಬದುರು ಕೂತು ಉಣ್ಣಬೇಕು ಅನ್ನಿಸ್ತು ಅಂದಳು, ಅಷ್ಟೇ, ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ಗೋಡೆಗೆ ಮುಖ ಮಾಡಿ ಉಣ್ಣುವ ಅವಳ ಬೆನ್ನು ನನಗೆ ಗೊತ್ತು, ನನ್ನ ಬೆನ್ನೂ ಅವಳಿಗೆ ಗೊತ್ತು. ಕಲ್ಲೇಶ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವವನು, ಮಾತು ಕಮ್ಮಿ, ನನ್ನನ್ನು ಕಂಡಾಗ ಅಕ್ಕ, ಕಾಫಿ ಕುಡೀತೀರಾ ಅಂತ ಕೇಳಿ ಉತ್ತರ ಬರುವುದರೊಳಗೆ ತರಲು ಹೋದವನು — ಇವತ್ತು ತಿಪಟೂರಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ಅವರಿಬ್ಬರ ಮದುವೆ, ಮೂರು ಜನ ಸಾಕ್ಷಿ ಬೇಕಂತೆ, ಅವನ ಕಡೆಯಿಂದ ಭಾವ, ಒಬ್ಬ ಸ್ನೇಹಿತ ಇದ್ದಾರೆ, ಮೂರನೆಯವರನ್ನೂ ಅವನೇ ಕರೆತರಬಹುದಿತ್ತು, ಪುಷ್ಪ ಬೇಡವೆಂದಳು, ನನ್ನ ಕಡೆಯಿಂದ ಒಬ್ಬಳಾದ್ರೂ ಸೈನ್ ಹಾಕ್ಬೇಕು ಕಣೇ ಗಂಗಾ, ಎಲ್ಲಾ ಅವರ ಕಡೆಯೋರೇ ಹಾಕಿದ್ರೆ ನಾನೇನು ದಾರೀಲಿ ಬಿದ್ದಿದ್ದು ಸಿಕ್ಕಿದ್ದಾ, ಬತ್ತೀಯಾ, ಬತ್ತೀನಿ ಅಂದೆ, ಎಷ್ಟು ಸಲೀಸಾಗಿ ಅಂದೆ, ಫೋನಿನಲ್ಲಿ ಎಲ್ಲರೂ ಧೈರ್ಯಸ್ಥರೇ. ಅವಳು ಕದ್ದು ಏನನ್ನೂ ಮಾಡಲಿಲ್ಲ, ತಿಂಗಳ ಹಿಂದೆ ಇದೇ ಪಡಸಾಲೆಯಲ್ಲಿ ನಿಂತುಕೊಂಡೇ ಹೇಳಿದಳು, ಮಾವ, ಹಿಂಗಿಂಗೆ, ನಾನು ಮದುವೆ ಆಗ್ತಿದೀನಿ ಅಂತ, ಹುಚ್ಚರಂಗಯ್ಯನವರು ಬಹಳ ಹೊತ್ತು ತಮ್ಮ ಚಪ್ಪಲಿ ನೋಡಿ, ಬೈಯಲಿಲ್ಲ, ಆಗು ತಾಯಿ, ಆದ್ರೆ ಈ ಮನೆತನದೋರು ಯಾರೂ ಅಲ್ಲಿಗೆ ಬರಕಿಲ್ಲ ಅಂದರು, ಬೈದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ಎದುರು ಮಾತಿದೆ. ಆವತ್ತಿನಿಂದ ನನ್ನನ್ನು ಯಾರೂ ಹೋಗಬೇಡ ಅಂದಿಲ್ಲ, ನ್ಯಾಯವಾಗಿ ಹೇಳಬೇಕು, ಯಾರೂ ಅಂದಿಲ್ಲ, ಇವರು, ನನ್ನ ಗಂಡ ರವಿಕಿರಣ್, ನಿನ್ನೆ ಊಟಕ್ಕೆ ಕೂತಾಗ ಹೇಳಿದ್ದು ಎರಡೇ ಮಾತು, ತೋಟ ಇನ್ನೂ ದೊಡ್ಡಪ್ಪನ ಜೊತೆ ಒಟ್ಟಿಗೇ ಐತೆ, ಭಾಗ ಆಗಿಲ್ಲ, ಆಮೇಲೆ ಮಜ್ಜಿಗೆ ಸುರಿದುಕೊಂಡು, ನಿನ್ನಿಷ್ಟ — ನಿನ್ನಿಷ್ಟ ಅನ್ನುವ ಪದಕ್ಕೆ ಈ ಮನೆಯಲ್ಲಿ ಎಷ್ಟು ಬೀಗ, ನನ್ನ ಎಂ.ಎ. ನಿನ್ನಿಷ್ಟದಲ್ಲಿ ನಿಂತಿತು, ತಿಪಟೂರಿನ ಸ್ಕೂಲಿನ ಪಾಠದ ಕೆಲಸ ನಿನ್ನಿಷ್ಟದಲ್ಲಿ ಬಿಟ್ಟುಹೋಯಿತು, ಈಗ ಬೆಳಿಗ್ಗೆ ತಿಂಡಿ ಆಗುವುದಕ್ಕೂ ದೊಡ್ಡಮಾವ ಹುಚ್ಚರಂಗಯ್ಯನವರು ಬಂದು ಪಡಸಾಲೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು, ಜೊತೆಗೆ ಮರುಳಸಿದ್ದಯ್ಯನವರು, ಮಾತು ಎಲ್ಲಿದ್ದರೂ ಅಲ್ಲಿಗೆ ಕುರ್ಚಿ ಎಳೆದುಕೊಂಡು ಬರುವವರು, ಇವರೂ ಕೊಬ್ಬರಿ ಮಂಡಿಗೆ ಹೋಗದೆ ಅಲ್ಲೇ ಕೂತರು, ಕೊಬ್ಬರಿ ರೇಟಿನ ಮಾತು, ಮಳೆಯ ಮಾತು, ಕೋತಿಯ ಮಾತು, ಕೂತಿರುವುದು ಮಾತ್ರ ಬಾಗಿಲಿಗೆ. ಹಿತ್ತಲ ಬಾಗಿಲಿದೆ, ಕೊಟ್ಟಿಗೆ ದಾಟಿ ತೋಟದೊಳಗಿಂದ ರಸ್ತೆಗೆ ಬರಬಹುದು, ಪುಷ್ಪ ಅದನ್ನೂ ಮೊದಲೇ ಹೇಳಿದ್ದಾಳೆ, ಹಿತ್ಲಿಂದ ಬರೋದಾದ್ರೆ ಬರ್ಬೇಡ ಕಣೇ, ಕದ್ದು ಬಂದೋಳ ಸೈನು ನಂಗೆ ಬೇಡ, ಡೈರಿ ಹತ್ರ ಹಾರ್ನ್ ಹೊಡೀತೀವಿ, ನಾನು ಒಳಗೆ ಬರಲ್ಲ, ಬಂದ್ರೆ ಮಾವನ ಮುಖ ನೋಡ್ಬೇಕು, ನೋಡಿದ್ರೆ ಇನ್ಸುಲಿನ್ ಆಯ್ತಾ ಅಂತ ಕೇಳ್ಬಿಡ್ತೀನಿ.

ಬೆಳಿಗ್ಗೆಯೇ ಸ್ನಾನ ಮಾಡಿ ಈ ಸೀರೆ ಉಟ್ಟೆ, ಜಂಬುನೇರಳೆ ಬಣ್ಣ, ಸಣ್ಣ ಜರಿ, ಹೋದ ಗೌರಿಹಬ್ಬಕ್ಕೆ ಅತ್ತೆ ತಾವೇ ಅಂಗಡಿಗೆ ಹೋಗಿ ಆರಿಸಿದ್ದು, ಮನೆಯಲ್ಲಿ ಕೂತು ಹೊಲಿಯುವವರು ಉಡುವ ಸೀರೆಯಲ್ಲ, ಅತ್ತೆ ನೋಡಿದರು, ಸೀರೆಯನ್ನು ನೋಡಿದರು, ಮುಖವನ್ನು ನೋಡಿದರು, ಮಂಡಿ ತನಕ ನೋಡಿ, ಬಣ್ಣ ಹೋಗಿಲ್ಲ ಪರವಾಗಿಲ್ಲ ಅಂದರು — ಸೂಜಿ ಒಳಗೆ, ಸೂಜಿ ಹೊರಗೆ, ತಲೆಯ ಮೇಲೆ ಅಟ್ಟದಲ್ಲಿ ಕಾಯಿ ಒಣಗುತ್ತಿವೆ, ಚಿಪ್ಪು ಹಾಗೇ ಇರುತ್ತದೆ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಉಂಡೆಯಾಗಿ ಉರುಳುತ್ತದೆ, ಅತ್ತೆ ಕಿವಿಯ ಹತ್ತಿರ ಅಲ್ಲಾಡಿಸಿ, ಹೂಂ, ಬಿಟ್ಟೈತೆ ಅನ್ನುತ್ತಾರೆ, ಬಿಟ್ಟಿರುತ್ತದೆ, ಆದರೆ ಆಚೆ ಬಂದಿರುವುದಿಲ್ಲ — ಇಲ್ಲ, ಇದನ್ನು ಹೋಲಿಕೆ ಮಾಡಿಕೊಳ್ಳಬಾರದು, ಕನ್ನಡ ಎಂ.ಎ.ಯನ್ನು ಅರ್ಧ ಓದಿದ್ದರ ದೋಷ ಇದು, ಪೂರ್ತಿ ಓದಿದ್ದರೆ ವಾಸಿಯಾಗುತ್ತಿತ್ತೇನೋ, ತೆಂಗಿನಕಾಯಿ ತೆಂಗಿನಕಾಯಿಯಷ್ಟೇ. ಪುಷ್ಪಳಿಗೆ ಹೊಲಿಗೆ ಬರುತ್ತಲೇ ಇರಲಿಲ್ಲ, ಸ್ಕೂಲಿನಲ್ಲಿ ಹೊಲಿಗೆ ಪಿರಿಯಡ್ಡಿನಲ್ಲಿ ಕರ್ಚೀಫಿಗೆ ಹೂ ಹಾಕಿ ಅಂದರೆ ಅವಳದು ಸತ್ತ ಜೇಡದ ಹಾಗೆ ಬರುತ್ತಿತ್ತು, ಸೂಜಿ ಪೆಟ್ಟಿಗೆ ಯಾವಾಗಲೂ ನನ್ನ ಹತ್ತಿರ, ಬೋರನಕಣಿವೆ ಡ್ಯಾಮಿಗೆ ಸ್ಕೂಲಿನಿಂದ ಪಿಕ್ನಿಕ್ ಹೋದಾಗ ಕೂಡ, ಕಟ್ಟೆಯ ಮೇಲೆ ಓಡುತ್ತ ಜಾಲಿಮುಳ್ಳಿಗೆ ಸಿಕ್ಕಿ ಅವಳ ಲಂಗ ಮೊಣಕಾಲ ತನಕ ಸೀಳಿತು, ಬಿಚ್ಚಿ ಹೊಲಿಯಲು ಎಲ್ಲಿಗೆ ಹೋಗುವುದು, ನೀರಿನ ಪಕ್ಕ ಕಲ್ಲಿನ ಮೇಲೆ ನಿಲ್ಲಿಸಿ ಮೈಮೇಲೇ ಹೊಲಿದೆ, ಮೈಮೇಲಿನ ಬಟ್ಟೆಗೆ ಸೂಜಿ ಹಾಕಬಾರದು, ದರಿದ್ರ, ಹಾಕಲೇಬೇಕಾದರೆ ಹಾಕಿಸಿಕೊಳ್ಳುವವರು ಹಲ್ಲಲ್ಲಿ ಒಂದು ಕಡ್ಡಿ ಕಚ್ಚಿಕೊಂಡಿರಬೇಕು, ಮಾತಾಡಕೂಡದು, ನಮ್ಮವ್ವ ಹೇಳಿದ್ದು, ಅವಳವ್ವನೂ ಹೇಳಿದ್ದು, ಗರಿಕೆ ಕಡ್ಡಿ ಕಚ್ಚಿಸಿದೆ, ಹೊಲಿಗೆ ಮುಗಿಯುವ ತನಕ ಅವಳು ಕಣ್ಣಲ್ಲೇ ನಗುತ್ತಿದ್ದಳು, ಮೇಷ್ಟ್ರು ಬಂದು ಏನಾಯ್ತಮ್ಮ ಅಂತ ಕೇಳಿದರೂ ಹೂಂ ಹೂಂ ಅಂದಳು, ಗಂಟು ಹಾಕಿದ್ದೇ ಕಡ್ಡಿಯನ್ನು ನೀರಿಗೆ ಉಗಿದು, ಹೆಣ್ಣುಮಕ್ಕಳ ಬಾಯಿ ಮುಚ್ಸಕ್ಕೆ ಯಾವನೋ ಕಂಡುಹಿಡಿದವ್ನೆ ಕಣೇ ಇದನ್ನ, ದರಿದ್ರ ಅಂತೆ, ದಾರ ಕಡೀಲಾ — ಹಲ್ಲಲ್ಲಿ ಕಡಿದಳು, ಆ ಹೊಲಿಗೆ ಲಂಗ ಹಳೆಯದಾಗಿ ಒಲೆಗೆ ಹೋಗುವ ತನಕ ಬಿಡಲಿಲ್ಲವಂತೆ. ಪಡಸಾಲೆಯಲ್ಲಿ ಮಾತು ತಗ್ಗಿತು, ತಗ್ಗಿದ ಮಾತು ನನಗೆ ಇನ್ನೂ ಚೆನ್ನಾಗಿ ಕೇಳುತ್ತದೆ, ಮರುಳಸಿದ್ದಯ್ಯನವರು ನಿಧಾನಕ್ಕೆ, ಇವತ್ತೇ ಅಂತಲ್ಲಪ್ಪ ಅಂದರು, ಒಂದು ಲೋಟ ಕೆಳಗಿಟ್ಟ ಸದ್ದು, ಆಮೇಲೆ ದೊಡ್ಡಮಾವ ನಕ್ಕರು, ಗಂಟಲಲ್ಲೇ, ಹೋಗ್ಲಿ ಬುಡ್ಲಾ, ನಂಗೆ ಕ್ವಾಪ ಇಲ್ಲ, ದಿನಾ ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಚುಚ್ಚೋಳು ಆ ಮಗಾನೆ, ಚುಚ್ಚಿದ್ದೇ ಗೊತ್ತಾಗ್ತಿರ್ಲಿಲ್ಲ, ಈಗ ನಾನೇ ಚುಚ್ಕೋತೀನಿ, ಕೈ ನಡುಗ್ತದೆ, ಹೊಟ್ಟೆ ತುಂಬಾ ನೀಲಿ. ಇದಕ್ಕೆ ಏನು ಮಾಡುವುದು, ಮುದುಕ ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು, ಸೂಜಿ ಒಳಗೆ, ಸೂಜಿ ಹೊರಗೆ, ನೀಲಿ ಹೊಟ್ಟೆ, ಸೂಜಿ ಒಳಗೆ, ಅವರು ಕೂತಿರುವುದು ಬಾಗಿಲು ಕಾಯಲಿಕ್ಕೋ, ಮನೆಯಲ್ಲಿ ಒಬ್ಬರೇ ಕೂರಲಾರದ್ದಕ್ಕೋ, ಪುಷ್ಪ ಹೋದಮೇಲೆ ಗೋಡೆಯಾಚೆ ಅವರ ಮನೆಯಲ್ಲಿ ಯಾರೂ ಇಲ್ಲ, ಸೂಜಿ ಹೊರಗೆ, ಸಾಲು ಮುಗಿಯಿತು, ಗಂಟು.

ಹಾರ್ನು. ಡೈರಿಯ ಕಡೆಯಿಂದ, ಒಂದೇ ಸಲ, ಉದ್ದಕ್ಕೆ, ಪಡಸಾಲೆಯಲ್ಲಿ ಮಾತು ನಿಂತಿತು, ಅಡುಗೆಮನೆಯಲ್ಲಿ ಲೋಟ ತೊಳೆಯುವ ಸದ್ದು ನಿಂತಿತು, ಕಿಟಕಿಯ ಕಟ್ಟೆ ಮೇಲೆ ಕತ್ತರಿ, ಹನಿ ಬೀಳಲಿಲ್ಲ, ಅಲ್ಲೇ ಒಣಗುತ್ತಿದೆ, ನಾನು ಎದ್ದೆ, ಅಂದರೆ ಎಡಗೈ ಊರಿ ಮಂಡಿ ಮಡಚಿ ರನ್ನರನ್ನು ಬಲಗೈಯಲ್ಲಿ ಎತ್ತಿದೆ, ಎತ್ತಿದರೆ ತೊಡೆಯೂ ಎದ್ದಿತು, ಸೀರೆ ನೆರಿಗೆ ಸಮೇತ ಮಂಡಿಯ ತನಕ ಬಂತು, ಬಿಟ್ಟೆ, ಮತ್ತೆ ಎತ್ತಿದೆ, ಮತ್ತೆ ಬಂತು, ತಿರುಗಿಸಿ ನೋಡಿದರೆ — ಹೊಲಿದಿದ್ದೇನೆ, ಸೀರೆ ಸೇರಿಸಿ ಹೊಲಿದಿದ್ದೇನೆ, ಕೊನೆಯ ಸಾಲು ಪೂರ್ತಿ, ಈ ತುದಿಯಿಂದ ಆ ತುದಿಗೆ, ಪದರಗಳ ಜೊತೆ ಇನ್ನೊಂದು ಪದರ, ಜಂಬುನೇರಳೆ, ಗೌರಿಹಬ್ಬದ್ದು, ಗಂಟು ಕೂಡ ಆ ಕಡೆಯಲ್ಲೇ ಬಿದ್ದಿದೆ. ನಗು ಬಂತು, ನಿಜವಾಗಿ ಬಂತು, ಹೊಲಿಗೆ ಕಲಿತ ಮೊದಲ ವಾರ ಎಲ್ಲ ಹುಡುಗಿಯರೂ ಒಂದು ಸಲ ಮಾಡುವ ತಪ್ಪು, ನಾನು ಮಾಡಿರಲಿಲ್ಲ, ಮೇಡಮ್ಮು ನನ್ನದನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು, ಈಗ ಮಾಡಿದ್ದೇನೆ, ಅದೂ ಹಲ್ಲಲ್ಲಿ ಕಡ್ಡಿ ಇಲ್ಲದೆ — ದಾರ ಎಳೆದರೆ, ಇಲ್ಲ, ಜೋಡಿ ದಾರ, ಕಚ್ಚಲು ಬಾಯಿ ಅಲ್ಲಿಗೆ ಎಟುಕುವುದಿಲ್ಲ, ಸೂಜಿಯ ಮೂತಿಯಿಂದ ಒಂದೊಂದಾಗಿ ಬಿಡಿಸಿದರೆ ಮಧ್ಯಾಹ್ನದ ಊಟದ ಹೊತ್ತಾಗುತ್ತದೆ, ಆಫೀಸು ಕಾಯುವುದಿಲ್ಲ, ಹೀಗೇ ಎದ್ದು ಹೋದರೆ ಮುಂದೆ ಒಂದು ಬಣ್ಣಬಣ್ಣದ ನಾಲಿಗೆ ನೇತಾಡಿಸಿಕೊಂಡು ಮೂರು ಗಂಡಸರ ಮುಂದೆ ಪಡಸಾಲೆ ದಾಟಬೇಕು, ಸೀರೆ ಬಿಚ್ಚಿಟ್ಟು ಬೇರೆ ಉಟ್ಟುಕೊಂಡರೆ, ಹೌದು, ಅದಾಗುತ್ತದೆ, ಆದರೆ ರನ್ನರ್ ಇಲ್ಲೇ ಉಳಿಯುತ್ತದೆ, ಉಳಿದರೆ ಉಳಿಯಲಿ, ಅವಳು ಕೇಳಿದ್ದು ಸೈನು, ಕೌದಿ ಅಲ್ಲವಲ್ಲ, ಬರಿಗೈಯಲ್ಲಿ ಬಂದರೂ ಬಾ ಅಂದಿದ್ದಳಲ್ಲ, ಹಾಗಾದರೆ ನಾನು ಯಾಕೆ ಇನ್ನೂ ಕೂತಿದ್ದೇನೆ. ಬೆಳಕಿಗೆ ಹಿಡಿದು ನೋಡಿದೆ, ಮೈಮರೆತು ಹಾಕಿದ ಹೊಲಿಗೆ ಹೀಗಿರುವುದಿಲ್ಲ, ಸೊಟ್ಟಗಿರುತ್ತದೆ, ಒಂದು ಉದ್ದ ಒಂದು ಗಿಡ್ಡ ಇರುತ್ತದೆ, ಇದು ಈ ಇಡೀ ರನ್ನರಿನಲ್ಲೇ ಚೆನ್ನಾಗಿ ಬಂದಿರುವ ಸಾಲು, ಸಾಸಿವೆ ಕಾಳು ಜೋಡಿಸಿದ ಹಾಗೆ, ದಪ್ಪವಾಗಿದ್ದು ಬೆರಳಿಗೆ ಗೊತ್ತಾಗಿರಲೇಬೇಕು, ಪದರ ಹೆಚ್ಚಾದರೆ ಸೂಜಿ ಭಾರವಾಗುತ್ತದೆ, ಬೆರಳಿಗೆ ಗೊತ್ತಿತ್ತು, ಬೆರಳು ನನಗೆ ಹೇಳಲಿಲ್ಲ, ಅಥವಾ ಹೇಳಿತು, ನಾನು ಕೇಳಿಸಿಕೊಳ್ಳಲಿಲ್ಲ, ಅತ್ತೆಯ ಹಾಗೆ, ಕೇಳಬಾರದ್ದನ್ನು ಕೇಳದೆ ಇರುವುದು, ಇಷ್ಟು ವರ್ಷ ಅವರ ಕೈಕೆಳಗಿದ್ದು ಇಷ್ಟಾದರೂ ಕಲಿಯದಿದ್ದರೆ ಹೇಗೆ, ನಾಳೆ ಪುಷ್ಪಳಿಗೆ ಹೇಳಲು ಎಂಥ ಚಂದದ ಕಾರಣ, ಬರ್ತಿದ್ದೆ ಕಣೇ, ಸೀರೆಗೆ ಹೊಲಿದುಬಿಟ್ಟಿದ್ದೆ, ಅವಳು ನಗುತ್ತಾಳೆ, ಕ್ಷಮಿಸುತ್ತಾಳೆ, ಅದೇ ಭಯ, ನಕ್ಕು ಕ್ಷಮಿಸಿ ಆಮೇಲೆ ಎಂದೂ ನನ್ನನ್ನು ಏನನ್ನೂ ಕೇಳುವುದಿಲ್ಲ.

ಮತ್ತೆ ಹಾರ್ನು, ಈ ಸಲ ಗಿಡ್ಡಕ್ಕೆ, ಕೇಳಿಕೊಂಡ ಹಾಗೆ, ಪಡಸಾಲೆಯಿಂದ ಇವರ ದನಿ, ಗಂಗಾ, ಯಾವ್ದೋ ವ್ಯಾನು ನಿಂತೈತೆ ನೋಡು, ಅಷ್ಟೇ, ಸಿಟ್ಟಿಲ್ಲ, ಒಂದು ಚೂರೂ ಸಿಟ್ಟಿಲ್ಲ, ಮುಂದಿನ ಪದವನ್ನು ಅವರು ಹೇಳಲಿಲ್ಲ, ನನಗೆ ಕೇಳಿತು — ಆಗ ಅತ್ತೆ ಬಂದರು, ಒದ್ದೆ ಕೈ ಸೆರಗಿಗೆ ಒರೆಸುತ್ತ ನಡುಮನೆಯ ಹೊಸಿಲಲ್ಲಿ ನಿಂತರು, ನನ್ನನ್ನು ನೋಡಿದರು, ಅರ್ಧ ಎದ್ದ ಮಂಡಿ, ಎತ್ತಿ ಹಿಡಿದ ಪಟ್ಟಿ, ಅದರ ಜೊತೆ ಎದ್ದ ತಾವು ತಂದ ಸೀರೆ, ನೋಡಲು ಅವರಿಗೆ ಬಹಳ ಹೊತ್ತು ಹಿಡಿಯಲಿಲ್ಲ, ಬಾಯಾಗ್ ಕಡ್ಡಿ ಮಡಿಕ್ಕೊಂಡಿದ್ಯಾ ಅಂದರು, ಇಲ್ಲ ಅತ್ತೆ ಅಂದೆ, ಮೂಲೆಯಲ್ಲಿ ಒರಗಿಸಿದ್ದ ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಹಿರಿದು, ಚಟ್ಟನೆ ಗಿಡ್ಡಕ್ಕೆ ಮುರಿದು, ಹೊಲಿಯೋವಾಗ ಇಕ್ಕಬೇಕಿತ್ತು, ಈಗ್ಲಾದ್ರೂ ಇಕ್ಕು ಅಂತ ನನ್ನ ಹಲ್ಲಿನ ನಡುವೆ ಇಟ್ಟರು, ಕಚ್ಚಿಕೊಂಡೆ, ಧೂಳಿನ ರುಚಿ, ಅಡುಗೆಮನೆಗೆ ಹೋದರು, ಬಂದರು, ಕೈಯಲ್ಲಿ ಕತ್ತರಿ. ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮಂಡಿ ಲಟಕ್ಕೆಂದಿತು, ಪಟ್ಟಿಯ ಮೇಲೆ ಅಂಗೈ ಆಡಿಸಿದರು, ಆ ತುದಿಯಿಂದ ಈ ತುದಿಗೆ, ಗಿಣಿಹಸಿರಿನ ಮೇಲೆ ನಿಂತರು, ಇದು ನಮ್ ತಂಗಿ ಮನೇದು, ಇದು ಆ ಮೇಷ್ಟ್ರ ಮನೆ ಸೀಮಂತದ್ದು, ಈ ಗುಲಾಬಿನ ನಾನೇ ಯಾರಿಗಾದ್ರೂ ದಾಟಿಸ್ಬುಡಾಣ ಅಂತಿದ್ದೆ ಅಂದರು, ಇಲಿ ಅನ್ನಲಿಲ್ಲ, ನಾನು ಹೂಂ ಅಂದೆ, ಕಡ್ಡಿ ಇದ್ದರೆ ಅಷ್ಟೇ ಆಗುವುದು, ಪಡಸಾಲೆಯಲ್ಲಿ ಕುರ್ಚಿ ಸರಿದ ಸದ್ದು, ಯಾರೋ ಕೆಮ್ಮಿದರು, ದೊಡ್ಡಮಾವನೇ ಇರಬೇಕು, ಅತ್ತೆ ಅತ್ತ ತಿರುಗಲಿಲ್ಲ, ಕತ್ತರಿಯ ಬಾಯಿ ಅಗಲಿಸಿ ಸೀರೆಗೂ ಪಟ್ಟಿಗೂ ನಡುವೆ, ಎರಡಕ್ಕೂ ತಾಗಿಸದೆ ಹಿಡಿದು, ಪಡಸಾಲೆಗೆ ಕೇಳದಷ್ಟು ತಗ್ಗಿದ ದನಿಯಲ್ಲಿ, ದಾರ ಕತ್ತರಿಸಿದ್ರೆ ಸೀರೆ ಉಳೀತದೆ, ಈ ಹೊಲಿಗೆ ಎಲ್ಲಾ ಬಿಚ್ಕೋತದೆ, ಸಂಜೆತಂಕ ಇಲ್ಲೇ ಕುಂತು ಇನ್ನೊಂದ್ಸಲ ಹೊಲಿ, ಸೀರೆ ಕತ್ತರಿಸಿದ್ರೆ ತೂತು ಬೀಳ್ತದೆ, ಈಗ್ಲೇ ಏಳ್ಬೋದು, ನಾನು ತಂದಿದ್ದ ಸೀರೆ, ನಾನೇ ಕೇಳ್ತಾವ್ನಿ, ಯಾವ್ದು ಹೇಳು. ಹೇಳು ಅನ್ನುತ್ತಾರೆ, ಬಾಯಲ್ಲಿ ಕಡ್ಡಿ ಇಟ್ಟು ಹೇಳು ಅನ್ನುತ್ತಾರೆ, ನಿನ್ನಿಷ್ಟ ಅನ್ನಲಿಲ್ಲ, ಯಾವ್ದು ಅಂದರು, ಈ ಮನೆಯಲ್ಲಿ ಇದುವರೆಗೆ ಯಾರೂ ನನ್ನನ್ನು ಯಾವ್ದು ಅಂತ ಕೇಳಿಲ್ಲ, ವ್ಯಾನಿನ ಎಂಜಿನ್ನು ಶುರುವಾದ ಸದ್ದು, ಅಥವಾ ಇಲ್ಲಿವರೆಗೆ ನಿಂತೇ ಇರಲಿಲ್ಲವೋ, ನನ್ನ ಬೆರಳು ಹೋಗುತ್ತಿದೆ, ಪಟ್ಟಿಯ ಅಂಚು ದಾಟಿ, ಸಾಸಿವೆ ಕಾಳಿನಂಥ ಹೊಲಿಗೆ ದಾಟಿ, ಜಂಬುನೇರಳೆಯ ಮೇಲೆ ನಿಂತಿದೆ, ಬೆರಳು ನಿಂತಿದೆ, ಅತ್ತೆ ಬೆರಳನ್ನು ನೋಡುತ್ತಿದ್ದಾರೆ, ಕತ್ತರಿ ಇನ್ನೂ ಅಲುಗಿಲ್ಲ, ಅದರ ತುದಿಯಲ್ಲಿ ಹಾಲು ಒಣಗಿ ಬೆಳ್ಳಗಾಗಿದೆ, ಬಾಯಿ ತೆರೆದಿದೆ, ಬೆಳ್ಳಗೆ, ತೆರೆದ ಬಾಯಿ